ಸಲಿಗೆಯ ನಡುವೆ ಬಂದು ಕೂರುವ ಸಂಕೋಚ

ಕಥೆ ಬರೆಯುವವರ ಪ್ರಶ್ನೆ, ನಮ್ಮ ಉತ್ತರ

ಗೆಳೆಯರಿಬ್ಬರು ಪ್ರೇಮಿಗಳಾಗುವ ಕಿರುಕಾದಂಬರಿ ಬರೆಯುತ್ತಿರುವವರ ಪತ್ರಗಳೇ ಈ ಸಲ ಹೆಚ್ಚು. ಎಲ್ಲವೂ ಇಂದಿನ ಕಾಲದ ಕಥೆ, ಹಸಿಬಿಸಿ ದೃಶ್ಯಗಳೂ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ನನ್ನ ನಾಯಕ, ನಾಯಕಿ ಧಾರವಾಡದಲ್ಲಿ ಕಾಲೇಜು ಕೂಡಿ ಓದಿದವರು. ಈಗ ಇಬ್ಬರಿಗೂ 28, ಹತ್ತು ವರ್ಷದ ದೋಸ್ತಿ. ಮೂರನೇ ಅಧ್ಯಾಯದಲ್ಲಿ ‘ಇದ್ದಕ್ಕಿದ್ದಂತೆ ಅವಳು ಅವನಿಗೆ ಬೇರೆಯಾಗಿ ಕಂಡಳು’ ಎಂದು ಬರೆದೆ. ಓದಿದ ಗೆಳತಿ ‘ಹತ್ತ ವರ್ಷ ಕಾಣದ್ದು ಇವತ್ತ್ಯಾಕ ಕಂಡ್ತು?’ ಎಂದಳು. ಏನು ಹೇಳಲಿ? (ಸಪ್ತಾಪುರ, ಧಾರವಾಡ)

ನಿಮ್ಮ ಗೆಳತಿ ಕೇಳಿದ್ದಕ್ಕೆ ಉತ್ತರ ಸಿಕ್ಕರೆ ಕಾದಂಬರಿಯೇ ಸಿಕ್ಕಂತೆ. ಗುರುತಿಲ್ಲದವರ ಪ್ರೇಮಕಥೆಯಲ್ಲಿ ಮೊದಲು ಸಂಕೋಚ ಇರುತ್ತದೆ, ಸಲಿಗೆ ಆಮೇಲೆ ಬೆಳೆಯುತ್ತದೆ. ನಿಮ್ಮ ಕಥೆ ಅದರ ತಿರುಗುಮುರುಗು. ಸಲಿಗೆ ಹತ್ತು ವರ್ಷದಿಂದ ಇದೆ: ಅವನ ತಾಟಿನಿಂದ ಅವಳು ಕೇಳದೆ ಮಿರ್ಚಿ ಎತ್ತಿಕೊಳ್ಳುತ್ತಾಳೆ, ಅವಳ ಮೊಬೈಲಿನ ಲಾಕ್ ಅವನಿಗೆ ಗೊತ್ತು. ಅಂಥ ಕಡೆ ಸಂಕೋಚ ಬಂದು ಕೂತಿತೆಂದರೆ ಪ್ರೇಮ ಶುರುವಾಯಿತೆಂದೇ ಅರ್ಥ. ಆದ್ದರಿಂದ ಅವಳು ಹೇಗೆ ಕಂಡಳು ಎಂದು ಬರೆಯಲು ಹೋಗಬೇಡಿ. ನಿನ್ನೆಯವರೆಗೆ ಸಲೀಸಾಗಿ ಮಾಡುತ್ತಿದ್ದ ಒಂದು ಕೆಲಸ ಇವತ್ತು ಅವನ ಕೈಲಿ ಆಗಲಿಲ್ಲ ಎಂದು ಬರೆಯಿರಿ.

ಇದಕ್ಕೆ ಮೊದಲೇ ಬೀಜ ಬಿತ್ತಬೇಕು. ಮೊದಲ ಎರಡು ಅಧ್ಯಾಯಗಳಲ್ಲಿ ಇಬ್ಬರ ನಡುವಿನ ಮೂರು ರೂಢಿಗಳನ್ನು ಆರಿಸಿಕೊಳ್ಳಿ. ಬೈಕಿನ ಹಿಂದೆ ಕೂತವಳು ಅವನ ಹೆಗಲ ಮೇಲೆ ಕೈ ಇಡುವುದು, ಒಂದು ಚಹಾ ಬೈಟೂ ಮಾಡುವುದು, ಹೆಸರು ಹಿಡಿಯದೆ ‘ಲೇ’ ಎಂದು ಕರೆಯುವುದು. ಪ್ರತಿಯೊಂದೂ ಕನಿಷ್ಠ ಎರಡು ಸಲ ಬರಲಿ, ಅದಕ್ಕೊಂದು ಮಹತ್ವವಿದೆ ಎಂದು ಓದುಗರಿಗೆ ಗೊತ್ತಾಗದಂತೆ ಬರಲಿ. ಮೂರನೇ ಸಲ ರೂಢಿ ತಪ್ಪಬೇಕು. ಬೈಕ್ ಹತ್ತಿದವಳು ಹಿಂದಿನ ಕಂಬಿ ಹಿಡಿಯುತ್ತಾಳೆ. ಜುಬಿಲಿ ಸರ್ಕಲ್ ದಾಟುವವರೆಗೂ ಅವನಿಗೆ ಹೆಗಲ ಮೇಲೆ ಇಲ್ಲದ ಆ ಕೈಯದೇ ಭಾರ. ಈ ಒಂದು ಸಾಲು ಅವಳ ಕಣ್ಣು, ಕೂದಲು, ನಗುವಿನ ಅರ್ಧ ಪುಟದ ವರ್ಣನೆ ಮಾಡಲಾರದ್ದನ್ನು ಮಾಡುತ್ತದೆ.

‘ಇವತ್ತ್ಯಾಕ’ ಎಂಬುದಕ್ಕೂ ಹೊರಗಿನದೊಂದು ಕಾರಣ ಬೇಕು. ಅವಳನ್ನು ನೋಡಲು ವರ ಬರುವುದು ಸವೆದ ದಾರಿ. ಅದು ಹುಟ್ಟಿಸುವುದು ಹೊಟ್ಟೆಕಿಚ್ಚನ್ನು, ಹೊಟ್ಟೆಕಿಚ್ಚಿನಿಂದ ಹುಟ್ಟಿದ ಪ್ರೇಮ ಎರಡನೇ ಅರ್ಧದಲ್ಲಿ ಸೊರಗುತ್ತದೆ. ಅದಕ್ಕಿಂತ, ದಿನವೂ ನೋಡುವವಳನ್ನು ಅವನು ಪರರ ಕಣ್ಣಿನಿಂದ ನೋಡುವಂತೆ ಮಾಡಿ. ಅವಳು ವಕೀಲೆ ಎಂದುಕೊಳ್ಳಿ. ಮರೆತ ಡಬ್ಬಿ ಕೊಡಲು ಜಿಲ್ಲಾ ಕೋರ್ಟಿಗೆ ಹೋದವನು ಹಿಂದಿನ ಬೆಂಚಿನಲ್ಲಿ ಕಾಯುತ್ತಾನೆ. ಅಲ್ಲಿ ಅವಳು ಒಬ್ಬ ಮುದುಕಿಯ ಜೀವನಾಂಶಕ್ಕೆ ವಾದ ಮಾಡುತ್ತಿದ್ದಾಳೆ. ಅವನು ಕೇಳಿರದ ದನಿ, ಅವನಿಗಾಗಿ ಅಲ್ಲದ ಮುಖ. ಡಬ್ಬಿ ಕೊಡುವಾಗ ಅವನ ಬಾಯಲ್ಲಿ ‘ಲೇ’ ಬರುವುದಿಲ್ಲ.

ನಾಯಕಿ ನಾಯಕನಿಗಿಂತ ಮೂರು ವರ್ಷ ಚಿಕ್ಕವಳು, ಒಂದೇ ಓಣಿಯವರು. ಮೊದಲ ಅಧ್ಯಾಯದಲ್ಲಿ ಎರಡು ಕಡೆ ‘ಅಣ್ಣಾ’ ಎಂದು ಕರೆಸಿದ್ದೇನೆ. ತೊಂದರೆ ಇದೆಯೇ? (ರಾಣೇಬೆನ್ನೂರು)

ಇದೆ, ದೊಡ್ಡದೇ ಇದೆ. ಒಮ್ಮೆ ಅಣ್ಣಾ ಎಂದು ಬರೆದರೆ ನಮ್ಮ ಓದುಗರು ಆ ಹುಡುಗನನ್ನು ಅಣ್ಣನ ಜಾಗದಲ್ಲಿ ಕೂರಿಸಿಬಿಡುತ್ತಾರೆ. ‘ಓಣಿಯವರೆಲ್ಲ ಹಂಗ ಕರೀತಾರ’ ಎಂದು ಆಮೇಲೆ ಎಷ್ಟು ಸಮಜಾಯಿಷಿ ಕೊಟ್ಟರೂ ಮುತ್ತಿನ ದೃಶ್ಯ ಬಂದಾಗ ಮುಖ ಸಿಂಡರಿಸುತ್ತಾರೆ. ಎರಡೂ ಕಡೆ ತೆಗೆದು ಹೆಸರಿನಿಂದ ಕರೆಸಿ.

ಕರೆಯುವ ಪದಗಳು ಈ ಬಗೆಯ ಕಥೆಯಲ್ಲಿ ಪಾದರಸವಿದ್ದಂತೆ, ಒಳಗಿನ ಕಾವು ಎಷ್ಟಿದೆ ಎಂದು ತೋರಿಸುತ್ತವೆ. ‘ಲೇ’ ಇದ್ದದ್ದು ಹೆಸರಾಗುತ್ತದೆ. ಜಗಳದ ದಿನ ಬೇಕೆಂದೇ ‘ನೀವು’ ಆಗುತ್ತದೆ, ಅದು ಬೈಗುಳಕ್ಕಿಂತ ಹೆಚ್ಚು ನೋಯಿಸುತ್ತದೆ. ರಾಜಿಯಾದ ಮೇಲೆ ‘ಲೇ’ ತಿರುಗಿ ಬಂದಾಗ ಅದರ ಅರ್ಥವೇ ಬೇರೆ. ಅವನ ತಾಯಿಯನ್ನು ಅವಳು ಮೊದಲಿನಿಂದ ‘ಕಾಕು’ ಎನ್ನುತ್ತಿರಲಿ. ಕೊನೆಯ ಅಧ್ಯಾಯದಲ್ಲಿ ಬಾಯಿ ತಪ್ಪಿ ‘ಅತ್ತಿ’ ಎಂದರೆ ಮದುವೆಯ ಮಾತು ನೀವು ಬೇರೆ ಬರೆಯಬೇಕಿಲ್ಲ.

ಕಿರುಕಾದಂಬರಿ ಎಂದರೆ ಎಷ್ಟು ಪದ? ಮೊದಲ ಮುತ್ತು ಎಲ್ಲಿ ಬರಬೇಕು? (ಬೆಟಗೇರಿ, ಗದಗ)

ಇಂಗ್ಲಿಷಿನಲ್ಲಿ 40,000 ಪದಗಳವರೆಗೆ ಹೋಗುತ್ತಾರೆ. ಆ ಲೆಕ್ಕ ಹಾಗೆಯೇ ತರಬೇಡಿ. ‘ಬಂದುಬಿಟ್ಟಿದ್ದಳಲ್ಲ’ ಎಂಬುದು ನಮಗೆ ಒಂದೇ ಪದ. ಕನ್ನಡದಲ್ಲಿ 25,000ದಿಂದ 28,000 ಸಾಕು. ಡೆಮಿ (ಸಾಧಾರಣ ಕಾದಂಬರಿಯ) ಆಕಾರದ ಪುಟಕ್ಕೆ ಅಂದಾಜು 225 ಪದ ಹಿಡಿದರೆ 110ರಿಂದ 125 ಪುಟ. ವಾರಕ್ಕೊಂದು ಕಂತಿನಲ್ಲಿ ಕೊಡುವುದಾದರೆ 1,900 ಪದಗಳ 14 ಅಧ್ಯಾಯ ಮಾಡಿ.

ರೂಢಿ ಮೊದಲ ಸಲ ತಪ್ಪುವುದು 4,000 ಪದದ ಹೊತ್ತಿಗೆ, ಬೇಕೆಂದೇ ಮಾಡಿದ ಮೊದಲ ಸ್ಪರ್ಶ 8,000ಕ್ಕೆ, ಮುತ್ತು 12,000ಕ್ಕೆ, ಮೊದಲ ರಾತ್ರಿ 16,000ದ ಸುಮಾರಿಗೆ, ಸಂಬಂಧ ಮುರಿಯುವುದು 20,000ಕ್ಕೆ. ಮುತ್ತನ್ನು 5,000ಕ್ಕೇ ತಂದವರ ಕಥೆ ನಡುವೆ ಜೋಲುತ್ತದೆ, ಏಕೆಂದರೆ ಮುಂದೆ ಕಾಯಲು ಓದುಗರಿಗೆ ಏನೂ ಉಳಿದಿರುವುದಿಲ್ಲ. 18,000ದವರೆಗೆ ತಡೆದರೆ ಆಮೇಲಿನ ಸುಖವನ್ನೂ ಮುರಿತವನ್ನೂ ಓಡಿಸಬೇಕಾಗುತ್ತದೆ.

ಯಾರ ಕಣ್ಣಿನಿಂದ ಹೇಳಲಿ, ಅವನದೋ ಅವಳದೋ? (ಹಾವೇರಿ)

ಇಬ್ಬರದೂ, ಅಧ್ಯಾಯಕ್ಕೊಬ್ಬರಂತೆ. ಒಂದೇ ದೃಶ್ಯದೊಳಗೆ ಬದಲಿಸಬೇಡಿ. ಮೊದಲ ರಾತ್ರಿಯ ಅಧ್ಯಾಯ, ಕಳೆದುಕೊಳ್ಳುವ ಭಯ ಯಾರಿಗೆ ಹೆಚ್ಚೋ ಅವರದಾಗಿರಲಿ.

ಹಾಸಿಗೆಯ ದೃಶ್ಯದಲ್ಲಿ ಸೋಲುತ್ತಿದ್ದೇನೆ. ನಾನು ಬರೆದದ್ದು: ‘ಅವರಿಬ್ಬರ ದೇಹಗಳು ಒಂದಾಗಿ ಕಾಮನಬಿಲ್ಲಿನ ಲೋಕದಲ್ಲಿ ತೇಲಿದವು, ಸ್ವರ್ಗಸುಖದ ಉತ್ತುಂಗ ತಲುಪಿದವು.’ ಇದು ಸುಳ್ಳೆಂದು ನನಗೇ ಗೊತ್ತಾಗುತ್ತದೆ. ಬಿಚ್ಚಿ ಬರೆಯೋಣವೆಂದರೆ ಒಂದೋ ವೈದ್ಯರ ಸಂಸ್ಕೃತ, ಇಲ್ಲ ಬೈಗುಳ. ನಡುವೆ ಕನ್ನಡವೇ ಇಲ್ಲವೇ? (ವಿದ್ಯಾನಗರ, ಹುಬ್ಬಳ್ಳಿ)

ಇದೆ, ಬೇಕಾದಷ್ಟಿದೆ. ಮೊದಲು ನಿಮ್ಮ ಸಾಲಿನ ದೋಷ ನೋಡೋಣ. ಅದರಲ್ಲಿ ನಿಮ್ಮ ನಾಯಕ, ನಾಯಕಿ ಇಲ್ಲ. ಯಾವ ಜೋಡಿಗೆ ಹಚ್ಚಿದರೂ ಅದು ಹೊಂದುತ್ತದೆ. ಹತ್ತು ವರ್ಷ ಜೊತೆಗಿದ್ದವರ ರಾತ್ರಿ ಬೇರೆಯವರ ರಾತ್ರಿಯಂತೆ ಇರಲು ಸಾಧ್ಯವೇ ಇಲ್ಲ.

ಪದಗಳ ವಿಷಯ. ಕೊರಳು, ಹೆಗಲು, ಬೆನ್ನು, ಪಕ್ಕೆ, ಸೊಂಟ, ಹೊಕ್ಕುಳು, ತೊಡೆ, ಅಂಗೈ, ಕಿವಿಯ ಹಿಂದೆ, ಮೊಣಕಾಲ ಹಿಂಬದಿ: ಇವೆಲ್ಲ ಬೆಚ್ಚಗಿನ ಕನ್ನಡ ಪದಗಳು. ‘ಮೊಲೆ’ ವಚನಕಾರರು ಅಳುಕದೆ ಬಳಸಿದ ಪದ, ನೀವೂ ಬಳಸಿ. ‘ಸ್ತನದ್ವಯ’ ಎಂದು ಬರೆದ ಕೂಡಲೇ ಕೋಣೆ ತಣ್ಣಗಾಗುತ್ತದೆ. ಉಳಿದ ಅಂಗಗಳಿಗೆ ಹೆಸರು ಹುಡುಕುತ್ತ ಕೂರಬೇಕಿಲ್ಲ. ಕೈ ಎಲ್ಲಿಗೆ ಹೋಯಿತು ಎಂಬುದನ್ನು ಕ್ರಿಯಾಪದಕ್ಕೂ ಉಸಿರಿಗೂ ಬಿಡಿ. ‘ಅವನ ಕೈ ಸೀರೆಯ ನೆರಿಗೆ ದಾಟಿತು. ಅವಳು ಮಾತು ಅರ್ಧಕ್ಕೇ ಬಿಟ್ಟಳು.’ ಓದುಗರಿಗೆ ತಿಳಿಯದೆ ಉಳಿದದ್ದು ಏನೂ ಇಲ್ಲ.

ಮೈಯ ಪ್ರತಿಕ್ರಿಯೆಗೆ ನಾಟ್ಯಶಾಸ್ತ್ರದ ಎಂಟು ಸಾತ್ತ್ವಿಕ ಭಾವಗಳನ್ನು ಮನೆಯ ಮಾತಿಗೆ ಇಳಿಸಿಕೊಂಡು ಪಕ್ಕದಲ್ಲಿ ಇಟ್ಟುಕೊಳ್ಳಿ. ಸ್ತಂಭ ಎಂದರೆ ಇದ್ದಲ್ಲೇ ನಿಂತುಬಿಡುವುದು, ಸ್ವೇದ ಬೆವರು, ರೋಮಾಂಚ ಮೈ ಜುಮ್ಮೆನ್ನುವುದು, ಸ್ವರಭೇದ ದನಿ ಒಡೆಯುವುದು, ವೇಪಥು ನಡುಕ, ವೈವರ್ಣ್ಯ ಮುಖದ ಬಣ್ಣ ತಿರುಗುವುದು, ಅಶ್ರು ಕಣ್ಣೀರು, ಪ್ರಳಯ ಮೈಮರೆವು. ಒಂದು ದೃಶ್ಯಕ್ಕೆ ಮೂರು ಸಾಕು. ಮೊದಲ ಪುಟದಲ್ಲೇ ನಡುಕ, ಬೆವರು, ಮೈಮರೆವು ಎಲ್ಲವನ್ನೂ ಖರ್ಚು ಮಾಡಿದರೆ ಮುಂದೆ ಏರಲು ಮೆಟ್ಟಿಲೇ ಇರುವುದಿಲ್ಲ. ದನಿ ಒಡೆಯುವುದರಿಂದ ಶುರು ಮಾಡುವುದು ಒಳ್ಳೆಯದು. ಗೆಳೆಯರ ನಡುವೆ ಮೊದಲು ಕೆಡುವುದು ಮಾತೇ.

ನಾವು ಬರೆದರೆ ಹೇಗಿರಬಹುದು ಎಂದು ಒಂದು ತುಣುಕು:

*‘ಅಂಗಿ ತಗೀ, ಗುಂಡಿ ಹಚ್ಚಿ ಕೊಡ್ತೀನಿ.’*

*‘ಟೈಮಿಲ್ಲ. ಹಂಗ ಹಚ್ಚು.’*

*‘ಮೈಮ್ಯಾಲಿನ ಅಂಗಿ ಹೊಲೀಬಾರದಂತ.’*

*‘ಯಾರಂದ್ರು?’*

*‘ಅವ್ವ.’*

*‘ನಿಮ್ಮವ್ವ ಗದಗಿನ್ಯಾಗ ಅದಾಳ.’*

*ಎರಡನೇ ಗುಂಡಿ. ಸೂಜಿ ಚುಚ್ಚದಿರಲೆಂದು ಎಡಗೈಯ ಎರಡು ಬೆರಳನ್ನು ಅಂಗಿಯ ಒಳಗೆ ಅಡ್ಡ ಹಿಡಿದಳು. ಬೆರಳ ಹಿಂದೆ ಎದೆ ಬಡಿಯುತ್ತಿತ್ತು. ನಾಲ್ಕು ಸಲ ಪೋಣಿಸಿದರೆ ಸಾಕಿತ್ತು, ಆರು ಸಲ ಪೋಣಿಸಿದಳು. ಗಂಟು ಹಾಕಿ ಕತ್ತರಿಗೆ ಕೈ ಚಾಚಿದಳು. ಇರಲಿಲ್ಲ. ದಾರ ಹಲ್ಲಿನಿಂದ ಕಡಿಯಲು ಬಗ್ಗಿದಳು. ಅವನು ಉಸಿರು ಬಿಡಲಿಲ್ಲ. ದಾರ ತುಂಡಾಯಿತು. ಅವಳು ಮಾತ್ರ ತಲೆ ಎತ್ತಲಿಲ್ಲ.*

*‘ಟೈಮಿಲ್ಲ ಅಂದಿ,’ ಅಂದಳು, ಅಂಗಿಗೇ.*

*‘ಹೌದು,’ ಅಂದ. ಕದಲಲಿಲ್ಲ.*

ಇಲ್ಲಿ ಬಟ್ಟೆ ಬಿಚ್ಚಿಲ್ಲ, ಹಚ್ಚುತ್ತಿದ್ದಾಳೆ. ಅವಳ ಬೆರಳಿಗೆ ಅಲ್ಲಿ ಇರಲು ನೆಪವಿದೆ. ನೆಪ ಮುಗಿದ ಮೇಲೂ ಅಲ್ಲೇ ಉಳಿದಾಗ ದೃಶ್ಯ ಬಿಸಿಯಾಗುತ್ತದೆ. ನಿಮ್ಮ ದೃಶ್ಯಕ್ಕೂ ಇಂಥದೊಂದು ನೆಪ ಹುಡುಕಿ: ಕೂದಲಿಗೆ ಎಣ್ಣೆ, ಬೆನ್ನಿಗೆ ಮುಲಾಮು, ಕಾಲಿನ ಮುಳ್ಳು. ನೆಪ ಮನೆಯದಾಗಿರಲಿ.

ಅಳತೆ: ಇಡೀ ದೃಶ್ಯ 1,200ರಿಂದ 1,500 ಪದ. ಅದರಲ್ಲಿ ಅರ್ಧದಷ್ಟು ಹಾಸಿಗೆಗೆ ಹೋಗುವ ಮೊದಲಿನದು, 300 ಪದ ಕೂಡುವಿಕೆಯದು, ಉಳಿದದ್ದು ಆಮೇಲಿನದು. ಹೆಚ್ಚಿನವರು ಆಮೇಲಿನದನ್ನು ‘ಬೆಳಗಾಯಿತು’ ಎಂದು ಹಾರಿಸುತ್ತಾರೆ. ಗೆಳೆಯರ ಕಥೆಯಲ್ಲಿ ಅದು ದೊಡ್ಡ ನಷ್ಟ, ಏಕೆಂದರೆ ಇಬ್ಬರೂ ಕಾಯುತ್ತಿರುವುದೇ ಆ ಹೊತ್ತಿಗೆ: ಈಗ ಮೊದಲಿನಂತೆ ಮಾತಾಡಲು ಬರುತ್ತದೋ ಇಲ್ಲವೋ? ಅವನು ನೀರಿನ ತಂಬಿಗೆ ತರುತ್ತಾನೆ, ಕತ್ತಲಲ್ಲಿ ಮಂಚಕ್ಕೆ ಕಾಲು ಬಡಿಸಿಕೊಳ್ಳುತ್ತಾನೆ, ಅವಳು ಎಂದಿನಂತೆ ನಗುತ್ತಾಳೆ. ಆ ನಗು ಕೇಳಿ ಅವನ ಎದೆ ಹಗುರಾಗುತ್ತದೆ. ದೃಶ್ಯದ ತುದಿ ಅದು.

ನಗು ಹಾಸಿಗೆಯಲ್ಲೂ ಇರಲಿ. ಮೊಣಕೈ ತಾಗುತ್ತದೆ, ಕೂದಲು ಗಡಿಯಾರಕ್ಕೆ ಸಿಕ್ಕಿಕೊಳ್ಳುತ್ತದೆ. ಅವಳ ಮೊಣಕಾಲಿನ ಗಾಯದ ಗುರುತು ಯಾವಾಗ ಆದದ್ದೆಂದು ಅವನಿಗೆ ಗೊತ್ತು, ಅದರ ಮೇಲೆ ಒಂದು ಗೇಣು ಏನಿದೆ ಎಂದು ಗೊತ್ತಿಲ್ಲ. ಆ ಗೇಣಿನ ದೂರವನ್ನು ಬರೆಯಿರಿ.

ಒಪ್ಪಿಗೆ ಕೇಳಿದರೆ ಕಾವು ಇಳಿಯುತ್ತದೆ ಎಂದು ಹಲವರು ಬರೆದಿದ್ದಾರೆ. ಇಳಿಯುವುದಿಲ್ಲ. ‘ನಿಲ್ಲಸಲೇನು?’ ‘ನಿಲ್ಲಿಸಿ ನೋಡು.’ ಇದಕ್ಕಿಂತ ಬಿಸಿ ಮಾತು ಯಾವುದಿದೆ? ಕಾಂಡೋಮ್ ಕೂಡ ಒಂದೇ ಸಾಲಿನಲ್ಲಿ ಮುಗಿಯಲಿ. ಪರ್ಸಿನಿಂದ ತೆಗೆದಾಗ ‘ಯಾವಾಗ ತಂದಿ?’ ಎಂದು ಅವಳು ಕೇಳಿ, ‘ಮೂರ ವಾರಾತು’ ಎಂದು ಅವನು ಒಪ್ಪಿಕೊಂಡರೆ, ಮೂರು ವಾರದ ಆಸೆಯೂ ಅದರಲ್ಲೇ ಬಂತು.

ಇನ್ನೊಂದು ತಾಂತ್ರಿಕ ದೋಷ. ‘ಅವನ ಕೈ ಅವಳ ಕೈಯನ್ನು ಅವಳ ಸೊಂಟದಿಂದ...’ ಎಂದು ಸರ್ವನಾಮಗಳು ಗೋಜಲಾಗುತ್ತವೆ. ಕನ್ನಡದ ಕ್ರಿಯಾಪದದಲ್ಲೇ ಗಂಡು, ಹೆಣ್ಣು ಗೊತ್ತಾಗುತ್ತದೆ. ‘ಹಿಡಿದ’, ‘ಬಿಡಿಸಿಕೊಂಡಳು’ ಎಂದಷ್ಟೇ ಬರೆದರೂ ಯಾರೆಂದು ತಿಳಿಯುತ್ತದೆ. ಅರ್ಧಕ್ಕರ್ಧ ಸರ್ವನಾಮ ಕಿತ್ತುಹಾಕಿ. ಇಬ್ಬರೂ ಹೆಣ್ಣು ಅಥವಾ ಇಬ್ಬರೂ ಗಂಡಾಗಿರುವ ಕಥೆಯಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಹೆಸರುಗಳನ್ನು ಧಾರಾಳವಾಗಿ ಬಳಸಬೇಕು, ಹೆಸರುಗಳು ಎರಡಕ್ಷರದವಾದರೆ ಲಯ ಕೆಡುವುದಿಲ್ಲ.

ಸಂಭಾಷಣೆ ನಮ್ಮ ಭಾಷೆಯಲ್ಲಿ ಬರೆಯುತ್ತೇನೆ. ಪ್ರೀತಿ ಹೇಳಿಕೊಳ್ಳುವಾಗ ಮಾತ್ರ ಪುಸ್ತಕದ ಕನ್ನಡ ಬಂದುಬಿಡುತ್ತದೆ. (ನವನಗರ, ಹುಬ್ಬಳ್ಳಿ)

‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂದು ನಮ್ಮ ಕಡೆ ಯಾರೂ ಅನ್ನುವುದಿಲ್ಲ. ಹತ್ತು ವರ್ಷದ ದೋಸ್ತರಂತೂ ಅನ್ನುವುದೇ ಇಲ್ಲ. ‘ನೀ ಊರಾಗ ಇಲ್ಲಂದ್ರ ನನಗ ಉಣ್ಣಾಕೂ ಬ್ಯಾಸರ’ ಎಂದರೆ ಅವಳಿಗೆ ಅರ್ಥವಾಗುತ್ತದೆ. ನಿರೂಪಣೆ ಶಿಷ್ಟ ಕನ್ನಡದಲ್ಲಿರಲಿ, ಮಾತು ಮಾತ್ರ ನಮ್ಮದಿರಲಿ. ಒಬ್ಬ ‘ಮಾಡಾಕತ್ತೀನಿ’ ಅನ್ನುವವನಾದರೆ ಕೊನೆಯವರೆಗೂ ಹಾಗೇ ಅನ್ನಬೇಕು. ಇನ್ನೊಬ್ಬಳು ‘ಮಾಡ್ಲಿಕ್ಕತ್ತೀನಿ’ ಅನ್ನುವ ಮನೆಯವಳಾದರೆ ಆ ವ್ಯತ್ಯಾಸವೂ ಉಪಯೋಗಕ್ಕೆ ಬರುತ್ತದೆ: ಒಂದು ದಿನ ಅವನ ಬಾಯಲ್ಲಿ ಅವಳ ಪದ ಬರಲಿ.

ಮದುವೆಯಾಗದ ಇಬ್ಬರು ಹುಬ್ಬಳ್ಳಿ-ಧಾರವಾಡದಲ್ಲಿ ಏಕಾಂತ ಎಲ್ಲಿ ಹುಡುಕುತ್ತಾರೆ? ನಂಬುವಂತೆ ಬರೆಯುವುದು ಹೇಗೆ? (ಉಣಕಲ್)

ಏಕಾಂತ ಸಿಗದಿರುವುದೇ ನಿಮ್ಮ ಕಥೆಯ ಬಂಡವಾಳ. ಉಣಕಲ್ ಕೆರೆಯ ದಂಡೆ, ನೃಪತುಂಗ ಬೆಟ್ಟ ಎಲ್ಲ ಕಡೆ ಸಂಜೆ ಪರಿಚಯದವರು ಸಿಗುತ್ತಾರೆ. ಬಾಡಿಗೆ ಮನೆಯಾದರೆ ಕೆಳಗೆ ಮಾಲೀಕರಿದ್ದಾರೆ. ಗೆಳೆಯರಾಗಿದ್ದಾಗ ಹಾಡುಹಗಲೇ ಮೆಟ್ಟಿಲು ಹತ್ತುತ್ತಿದ್ದವಳು ಈಗ ಚಪ್ಪಲಿ ಕೈಯಲ್ಲಿ ಹಿಡಿದು ಹತ್ತುತ್ತಾಳೆ. ‘ನಿಮ್ಮ ದೋಸ್ತ ಬಂದಾಳ್ನೋಡ್ರಿ’ ಎಂದು ಮಾಲೀಕರ ಹೆಂಡತಿ ಎಂದಿನಂತೆ ಕೂಗಿದಾಗ ಇಬ್ಬರಿಗೂ ಮುಜುಗರ.

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸನ್ನು ಬಿಡಬೇಡಿ. ಸುಮಾರು 22 ಕಿಲೋಮೀಟರಿನ ದಾರಿ, ಎಸಿಯ ತಂಪು, ನಿಂತ ಜನರ ಒತ್ತು. ಭೈರಿದೇವರಕೊಪ್ಪದಲ್ಲಿ ತಾಗಿದ ಮೊಣಕೈ ಟೋಲ್ ನಾಕಾವರೆಗೆ ಹಾಗೇ ಇರಬಹುದು, ಇಬ್ಬರೂ ಕಿಟಕಿಯ ಹೊರಗೇ ನೋಡುತ್ತಿರಬಹುದು.

ಮಳೆ ಬರೆಯುವಾಗ ತಿಂಗಳು ನೋಡಿಕೊಳ್ಳಿ. ಧಾರವಾಡದ ಜುಲೈ ಮಳೆ ಜಿಟಿಜಿಟಿ, ದಿನಗಟ್ಟಲೆ. ಗುಡುಗು, ಸಿಡಿಲು, ಕರೆಂಟ್ ಹೋಗುವುದು ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಲಕ್ಷಣ. ಬೆಚ್ಚಿ ಅಪ್ಪಿಕೊಳ್ಳುವ ದೃಶ್ಯ ಬೇಕಿದ್ದರೆ ಮೇ ಆರಿಸಿ, ಮೂರು ದಿನ ಮನೆಯೊಳಗೇ ಉಳಿಯುವ ದೃಶ್ಯ ಬೇಕಿದ್ದರೆ ಜುಲೈ.

ಒಬ್ಬರು ಹುಬ್ಬಳ್ಳಿ ರೈಲು ನಿಲ್ದಾಣದ ಉದ್ದ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಾಯಕನನ್ನು ಒಂದು ನಿಮಿಷದಲ್ಲಿ ಓಡಿಸಿದ್ದಾರೆ. ಅದು 1,507 ಮೀಟರ್. ಸಾಧಾರಣ ನಡಿಗೆಗೆ 18 ನಿಮಿಷವಾದರೂ ಬೇಕು. ಓಟ ಬಿಟ್ಟು ಇಬ್ಬರನ್ನೂ ಜೊತೆಗೆ ನಡೆಸಿ. ಹದಿನೆಂಟು ನಿಮಿಷದ ಮೌನ ಬೀಳ್ಕೊಡುಗೆಗೆ ಬೇಕಾದಷ್ಟಾಯಿತು.

20,000 ಪದದ ಹತ್ತಿರ ಇಬ್ಬರನ್ನೂ ಬೇರೆ ಮಾಡಬೇಕು. ನಾಯಕಿ ಅವನನ್ನು ಇನ್ನೊಬ್ಬ ಹುಡುಗಿಯ ಜೊತೆ ನೋಡಿ ತಪ್ಪು ತಿಳಿಯುತ್ತಾಳೆ. ಸಾಕೇ? (ಲಕ್ಷ್ಮೇಶ್ವರ, ಗದಗ ಜಿಲ್ಲೆ)

ಸಾಲದು. ಗುರುತಿಲ್ಲದವರಾದರೆ ನಡೆಯುತ್ತಿತ್ತು. ಹತ್ತು ವರ್ಷದ ಗೆಳತಿ ಒಂದು ಫೋನ್ ಮಾಡಿ ‘ಯಾರಲೇ ಅಕಿ?’ ಎಂದು ಕೇಳುತ್ತಾಳೆ, ಐದು ನಿಮಿಷದಲ್ಲಿ ಕಥೆ ಮುಗಿಯುತ್ತದೆ. ಇವರು ಬೇರೆಯಾಗಬೇಕಾದರೆ ಕಾರಣ ತಪ್ಪುತಿಳಿವಳಿಕೆ ಆಗಿರಬಾರದು, ಸರಿಯಾದ ತಿಳಿವಳಿಕೆಯೇ ಆಗಿರಬೇಕು. ಪ್ರೇಮ ಕೆಟ್ಟರೆ ಗೆಳೆತನವೂ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತು. ಅವಳ ಅಪ್ಪ ತೀರಿಕೊಂಡಾಗ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕೂತವನು ಅವನು. ನಾಳೆ ಜಗಳವಾದರೆ ಅದನ್ನು ಹೇಳಿಕೊಳ್ಳಲು ಅವಳು ಹೋಗುತ್ತಿದ್ದದ್ದೂ ಅವನ ಹತ್ತಿರವೇ. ಆ ಭಯಕ್ಕೆ ಅವಳು ‘ಮೊದಲಿನಂಗ ಇರೋಣು’ ಎನ್ನಲಿ. ಅವನು ಒಪ್ಪಲಿ. ಆಮೇಲೆ ಮೊದಲಿನಂತೆ ಇರಲು ಪಡುವ ಪಾಡನ್ನು ಎರಡು ಅಧ್ಯಾಯ ಬರೆಯಿರಿ. ಬೈಟೂ ಚಹಾ ಹೇಳುತ್ತಾರೆ, ಇಬ್ಬರಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಮೊದಲ ಅಧ್ಯಾಯಗಳ ಮೂರೂ ರೂಢಿಗಳು ಇಲ್ಲಿ ನಟನೆಯಾಗಿ ತಿರುಗಿ ಬಂದರೆ ಓದುಗರೇ ತಡೆಯಲಾರದೆ ‘ಹೇಳಬಾರದೇನ’ ಎಂದು ಪುಟ ತಿರುಗಿಸುತ್ತಾರೆ.

ಇಂಥದ್ದನ್ನು ಪ್ರಕಟಿಸಿದರೆ ಕೇಸ್ ಬೀಳುತ್ತದೆಯೇ? (ಹೆಸರು ಬೇಡ, ಹಾವೇರಿ)

ಅಶ್ಲೀಲ ಬರಹದ ಮಾರಾಟ, ಹಂಚಿಕೆಗೆ ಈಗ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಂ ಅನ್ವಯಿಸುತ್ತದೆ (2024ರ ಜುಲೈ 1ಕ್ಕೆ ಮೊದಲು ಐಪಿಸಿ 292 ಇತ್ತು). ಆನ್‌ಲೈನ್ ಆದರೆ ಐಟಿ ಕಾಯ್ದೆಯ 67ನೇ ಕಲಮೂ ಇದೆ. 2014ರಲ್ಲಿ ಸುಪ್ರೀಂ ಕೋರ್ಟ್ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಹಳೆಯ ಹಿಕ್ಲಿನ್ ಅಳತೆಗೋಲು (ಬಿಡಿ ಭಾಗವೊಂದು ಸುಲಭವಾಗಿ ಕೆಡುವ ಮನಸ್ಸನ್ನು ಕೆಡಿಸುತ್ತದೆಯೇ ಎಂದು ನೋಡುವುದು) ಬಿಟ್ಟು, ಇಂದಿನ ಸಮಾಜದ ಮಟ್ಟದಿಂದ, ಹಿಂದುಮುಂದಿನ ಸಂದರ್ಭದೊಡನೆ ನೋಡಬೇಕು ಎಂದಿತು. ಎಂದರೆ ಕಥೆಯ ಅಗತ್ಯಕ್ಕೆ ಬಂದ ದೃಶ್ಯಕ್ಕೂ, ದೃಶ್ಯಕ್ಕಾಗಿ ಹೆಣೆದ ಕಥೆಗೂ ವ್ಯತ್ಯಾಸವಿದೆ. ಆ ದೃಶ್ಯಗಳನ್ನಷ್ಟೇ ಕತ್ತರಿಸಿ ಪ್ರಚಾರಕ್ಕೆ ಹಾಕಬೇಡಿ, ಆಗ ಸಂದರ್ಭವೇ ಕಳೆದುಹೋಗುತ್ತದೆ.

ಪಾತ್ರಗಳ ವಯಸ್ಸು ಮೊದಲ ಪುಟದಲ್ಲೇ ಸ್ಪಷ್ಟವಿರಲಿ, ಇಬ್ಬರೂ 18 ದಾಟಿದವರೇ ಆಗಿರಬೇಕು. ಶಾಲೆಯ ದಿನಗಳ ಹಿನ್ನೋಟ ಬಂದರೆ ಅಲ್ಲಿ ಗೆಳೆತನ ಮಾತ್ರ, ಮೈಯ ಸುದ್ದಿ ಬೇಡವೇ ಬೇಡ. ಗುರುತು ಹಿಡಿಯಬಹುದಾದ ನಿಜದ ವ್ಯಕ್ತಿಯನ್ನು ಹೆಸರು ಬದಲಿಸಿ ಬರೆಯುವುದೂ ಬೇಡ. ಆ್ಯಪ್‌ಗೆ ಕೊಡುವುದಾದರೆ ವಯಸ್ಕರ ವಿಭಾಗ ಇದೆಯೇ ಎಂದು ನಿಯಮ ಓದಿ, ಪತ್ರಿಕೆಗಾದರೆ ಸಂಪಾದಕರಿಗೆ ಮೊದಲೇ ತಿಳಿಸಿ. ಕಾವ್ಯನಾಮದಲ್ಲಿ ಬರೆಯಬಹುದು. ಕರಾರುಪತ್ರಕ್ಕೂ ಸಂಭಾವನೆಯ ಬ್ಯಾಂಕ್ ಖಾತೆಗೂ ಮಾತ್ರ ನಿಮ್ಮ ನಿಜದ ಹೆಸರೇ ಬೇಕಾಗುತ್ತದೆ.